ಮಗು ಸಿಕ್ಕಿದೆ ಅಂತ ಯಾರು ಹೇಳಬೇಕು?

ಹಿಂದೆ ಕೂತವರಿಗೆ ಕೇಳಿಸ್ತಾ ಇದೆಯಾ? ಸರಿ.

ನಾನು ಬೀದರ್ ಜಿಲ್ಲೆಯ ಹುಮನಾಬಾದಿನವನು. ಎಂ.ಟೆಕ್ ಮುಗಿಸಿ ಹೈದರಾಬಾದಿಗೆ ಬಂದವನು ಇಲ್ಲೇ ಉಳಿದೆ. ಒಂದು ಪೇಮೆಂಟ್ ಕಂಪನಿಯ ನೋಟಿಫಿಕೇಶನ್ ಟೀಮಿನಲ್ಲಿ ಕೆಲಸ. ನಿಮ್ಮ ಫೋನಿಗೆ ದುಡ್ಡು ಬಂತು, ದುಡ್ಡು ಹೋಯ್ತು ಅಂತ ಟಿಣ್ ಅನ್ನುತ್ತಲ್ಲ, ಅದನ್ನು ಕಳಿಸೋರು ನಾವು. ಮಧ್ಯರಾತ್ರಿ ಆಫರ್ ಮೆಸೇಜ್ ಕಳಿಸೋರು ಬೇರೆ ಟೀಮು, ಅದಕ್ಕೆ ನನ್ನನ್ನು ಬೈಬೇಡಿ.

ಇವತ್ತು ಮಾತಾಡೋದು ಮಕ್ಕಳು ಕಾಣೆಯಾದಾಗ ನಾವು ಊರಿಗೆಲ್ಲ ಹೇಗೆ ಸುದ್ದಿ ಮುಟ್ಟಿಸ್ತೀವಿ ಅನ್ನೋದರ ಬಗ್ಗೆ. ನಾನೇ ಬರೆದ ಒಂದು ಮೆಸೇಜಿನಿಂದ ಶುರು ಮಾಡ್ತೀನಿ.

2017ರ ಜನವರಿ. ಅಕ್ಕ, ಭಾವ, ಅವರ ಐದು ವರ್ಷದ ಮಗ ನಮ್ಮ ಮನೆಗೆ ಬಂದಿದ್ದರು. ಜನವರಿ ಅಂದರೆ ಹೈದರಾಬಾದಿನಲ್ಲಿ ನಾಂಪಲ್ಲಿಯ ನುಮಾಯಿಷ್, ನಿಮಗೆ ಗೊತ್ತಿರೋದೇ. ಭಾನುವಾರ ಸಂಜೆ ಹೋದ್ವಿ, ಕಾಲಿಡೋಕೆ ಜಾಗ ಇರಲಿಲ್ಲ. ಅಳಿಯನ ಕೈ ಹಿಡಿದುಕೊಂಡಿದ್ದವನು ನಾನು. ಮಿರ್ಚಿ ಬಜ್ಜಿಗೆ ದುಡ್ಡು ಕೊಡೋಕೆ ಪರ್ಸ್ ತೆಗೆದೆ, ಅವನ ಕೈ ಬಿಟ್ಟೆ. ತಿರುಗಿ ನೋಡಿದಾಗ ಅವನು ಇರಲಿಲ್ಲ.

ಆ ಹೊತ್ತಿನಲ್ಲಿ ಹೊಟ್ಟೆಯೊಳಗೆ ಏನಾಗುತ್ತೆ ಅಂತ ವರ್ಣಿಸಲ್ಲ. ಮಕ್ಕಳಿರೋರಿಗೆ ಬೇಕಾಗಿಲ್ಲ. ಎರಡು ಸಾಲು ಅಂಗಡಿ ಓಡಾಡಿದೆ. ಆಮೇಲೆ ನಿಂತು ಫೋನ್ ತೆಗೆದೆ. ಅವತ್ತು ಬೆಳಿಗ್ಗೆ ತೆಗೆದ ಫೋಟೋ ಇತ್ತು, ನೀಲಿ ಸ್ವೆಟರ್ ಹಾಕಿಕೊಂಡಿದ್ದ. ಅದನ್ನು ಹಾಕಿ, ‘ಈ ಹುಡುಗ ಈಗಷ್ಟೇ ಕಾಣೆಯಾಗಿದ್ದಾನೆ, ಯಾರಾದರೂ ಕರಕೊಂಡು ಹೋಗಿರಬಹುದು, ಕಂಡರೆ ತಡೆಯಿರಿ, ಈ ನಂಬರಿಗೆ ಫೋನ್ ಮಾಡಿ, ದಯವಿಟ್ಟು ಎಲ್ಲಾ ಗ್ರೂಪಿಗೂ ಕಳಿಸಿ’ ಅಂತ ಇಂಗ್ಲಿಷಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಬರೆದೆ. ಹನ್ನೊಂದು ಗ್ರೂಪಿಗೆ ಹೋಯ್ತು. ಕಾಲೇಜು ಗ್ರೂಪು, ಆಫೀಸು ಗ್ರೂಪು, ಅಪಾರ್ಟ್‌ಮೆಂಟು, ಹುಮನಾಬಾದ್ ಹೈಸ್ಕೂಲ್ ಬ್ಯಾಚು.

ಭಾವ ಎಲೆಕ್ಟ್ರಿಷಿಯನ್. ಅವರು ಫೋನ್ ಮುಟ್ಟಲಿಲ್ಲ. ಮೈಕ್ ಎಲ್ಲಿದೆ ಅಂತ ಕೇಳಿಕೊಂಡು ಅನೌನ್ಸ್‌ಮೆಂಟ್ ಮಾಡೋ ಜಾಗಕ್ಕೆ ಓಡಿದರು. ನೀಲಿ ಸ್ವೆಟರ್, ಐದು ವರ್ಷ, ಕನ್ನಡ ಮಾತಾಡ್ತಾನೆ ಅಂತ ಉರ್ದುವಿನಲ್ಲಿ, ತೆಲುಗಿನಲ್ಲಿ ಕೂಗಿಸಿದರು. ಐವತ್ತು ನಿಮಿಷಕ್ಕೆ ಬಳೆ ಅಂಗಡಿಯ ಹೆಣ್ಣುಮಗಳೊಬ್ಬಳು ಅವನನ್ನು ಎತ್ತಿಕೊಂಡು ಬಂದಳು. ಅವನು ಗುಲಾಬಿ ಪಾಕ ತಿಂತಾ ಇದ್ದ. ತಕ್ಷಣ ಮೈಕಿನಲ್ಲಿ ಇನ್ನೊಂದು ಸಲ ಕೂಗಿದರು, ನೀಲಿ ಸ್ವೆಟರಿನ ಹುಡುಗ ಸಿಕ್ಕಿದ್ದಾನೆ ಅಂತ. ಅಲ್ಲಿಗೆ ಆ ಕಥೆ ನುಮಾಯಿಷಿನ ಮಟ್ಟಿಗೆ ಮುಗೀತು.

ನಾನೂ ಗ್ರೂಪುಗಳಲ್ಲಿ ‘ಸಿಕ್ಕಿದ, ಥ್ಯಾಂಕ್ಸ್’ ಅಂತ ಹಾಕಿದೆ. ಹನ್ನೊಂದರಲ್ಲಿ ಒಂಬತ್ತರಲ್ಲೋ ಹತ್ತರಲ್ಲೋ. ಎಲ್ಲರ ಫೋನಿನಿಂದಲೂ ಮೆಸೇಜ್ ಅಳಿಸೋ ಸೌಲಭ್ಯ ವಾಟ್ಸಾಪಿನಲ್ಲಿ ಆಗ ಇನ್ನೂ ಬಂದಿರಲಿಲ್ಲ, ಆ ವರ್ಷದ ಕೊನೆಗೆ ಬಂತು. ಬಂದಿದ್ದರೂ ನನ್ನ ಹನ್ನೊಂದು ಗ್ರೂಪು ಬಿಟ್ಟು ಮುಂದಕ್ಕೆ ಹೋದದ್ದನ್ನು ಹಿಂದಕ್ಕೆ ಕರೆಯೋಕೆ ಆಗ್ತಿರಲಿಲ್ಲ.

ಈ ಕಥೆ ಇಲ್ಲಿಗೆ ಬಿಡ್ತೀನಿ, ಮತ್ತೆ ಬರ್ತೀನಿ.

ಅಮೆರಿಕದಲ್ಲಿ ಆನ್‌ಸೈಟ್ ಇದ್ದು ಬಂದವರಿಗೆ ಆಂಬರ್ ಅಲರ್ಟ್ ಗೊತ್ತಿರುತ್ತೆ. 1996ರ ಜನವರಿಯಲ್ಲಿ ಟೆಕ್ಸಾಸಿನ ಆರ್ಲಿಂಗ್ಟನ್‌ನಲ್ಲಿ ಸೈಕಲ್ ಹೊಡೀತಿದ್ದ ಒಂಬತ್ತು ವರ್ಷದ ಆಂಬರ್ ಹೇಗರ್ಮನ್ ಎಂಬ ಹುಡುಗಿಯನ್ನು ಒಬ್ಬ ಟ್ರಕ್ಕಿಗೆ ಎತ್ತಿಹಾಕಿಕೊಂಡು ಹೋದ. ಕೆಲವು ದಿನ ಬಿಟ್ಟು ಶವ ಸಿಕ್ಕಿತು. ಬಿರುಗಾಳಿ ಬಂದರೆ ರೇಡಿಯೋದಲ್ಲಿ ಕೂಗ್ತೀರಿ, ಮಗು ಹೋದರೆ ಯಾಕೆ ಕೂಗಲ್ಲ ಅಂತ ಜನ ಕೇಳಿದರು. ಡಲ್ಲಾಸ್ ಸುತ್ತಲಿನ ರೇಡಿಯೋ ಸ್ಟೇಷನ್ನುಗಳು ಪೊಲೀಸರ ಜೊತೆ ಸೇರಿ ಶುರು ಮಾಡಿದ್ದು ಆಮೇಲೆ ದೇಶಕ್ಕೆಲ್ಲ ಹರಡಿತು. 2013ರಿಂದ ಅದು ನೇರ ಮೊಬೈಲಿಗೇ ಬರೋಕೆ ಶುರುವಾಯ್ತು.

ಅದೇ 1996ರಲ್ಲಿ ಮುಂಬೈಯಲ್ಲಿ 1098 ಚೈಲ್ಡ್‌ಲೈನ್ ಶುರುವಾಯ್ತು. ಅಲ್ಲಿ ಮೇಲಿಂದ ಊರಿಗೆಲ್ಲ ಕೂಗೋ ವ್ಯವಸ್ಥೆ, ಇಲ್ಲಿ ಬೀದಿಯ ಮಗುವೇ ಪುಕ್ಕಟೆ ಫೋನ್ ಮಾಡೋ ವ್ಯವಸ್ಥೆ. ಯಾವುದು ಹೆಚ್ಚು ಅನ್ನೋ ಜಗಳ ಬೇಡ. ನಾವು ಅವರದ್ದನ್ನು ನಕಲು ಮಾಡೋಕೆ ಹೊರಟಾಗ ನಮ್ಮದು ಯಾಕೆ ಬೇರೆ ಇತ್ತು ಅನ್ನೋದು ನೆನಪಿರಲಿ ಅಂತ ಹೇಳಿದೆ.

ನಕಲು ಮಾಡಬೇಕು ಅಂತ ಪ್ರತಿ ಸಲ ಯಾವುದಾದರೂ ಮಗು ಕಾಣೆಯಾದ ಸುದ್ದಿ ಬಂದಾಗ ಕೂಗು ಏಳುತ್ತೆ. ತಂತ್ರಜ್ಞಾನದ ಮಟ್ಟಿಗೆ ಕಷ್ಟವೇನಿಲ್ಲ. 2023ರಲ್ಲಿ ಒಂದು ದಿನ ನಮ್ಮೆಲ್ಲರ ಫೋನು ಒಟ್ಟಿಗೆ ಕಿರುಚಿಕೊಂಡಿದ್ದು ನೆನಪಿದೆಯಾ? ನಮ್ಮ ಆಫೀಸಿನಲ್ಲಿ ಒಬ್ಬ ಲ್ಯಾಪ್‌ಟಾಪ್ ಬಿಟ್ಟು ಮೆಟ್ಟಿಲಿಗೆ ಓಡಿದ್ದ. ಅದು ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ. ಎಸ್‌ಎಂಎಸ್ ಅಂದರೆ ಒಂದೊಂದು ನಂಬರಿಗೂ ಪೋಸ್ಟ್‌ಮ್ಯಾನ್ ಹೋದ ಹಾಗೆ. ಸೆಲ್ ಬ್ರಾಡ್‌ಕಾಸ್ಟ್‌ನಲ್ಲಿ ಟವರ್ ಒಂದೇ ಸಲ ಕೂಗುತ್ತೆ, ಅದರ ಕೆಳಗಿರೋ ಫೋನುಗಳಿಗೆಲ್ಲ ಕೇಳುತ್ತೆ, ನಂಬರ್ ಬೇಕಿಲ್ಲ. ಮೊಬೈಲ್ ನೆಟ್‌ವರ್ಕಿನ ಸ್ಟ್ಯಾಂಡರ್ಡಿನಲ್ಲಿ ಈ ಕೂಗಿಗೆ ಬೇರೆ ಬೇರೆ ಸಂಖ್ಯೆ ಇವೆ. ಅದರಲ್ಲಿ 4379 ಅನ್ನೋದು ಮಗು ಅಪಹರಣಕ್ಕೇ ಮೀಸಲು. ನಿಮ್ಮ ಜೇಬಿನಲ್ಲಿರೋ ಫೋನುಗಳಲ್ಲಿ ಹಲವಕ್ಕೆ ಆ ಸಂಖ್ಯೆಗೆ ಏನು ಮಾಡಬೇಕು ಅಂತ ಈಗಾಗಲೇ ಗೊತ್ತು.

ಹಾಗಾದರೆ ನಾಳೆಯೇ ಶುರು ಮಾಡೋಣ ಅಂತ ನನಗೂ ಒಂದು ಕಾಲಕ್ಕೆ ಅನ್ನಿಸಿತ್ತು.

ಆನ್‌ಕಾಲ್ ಡ್ಯೂಟಿ ಮಾಡಿದವರು ಕೈ ಎತ್ತಿ. ಅರ್ಧಕ್ಕಿಂತ ಜಾಸ್ತಿ. ರಾತ್ರಿ ಎರಡಕ್ಕೆ ಅಲರ್ಟ್ ಬಂದು ಎದ್ದು ನೋಡಿದರೆ ಏನೂ ಆಗಿರಲ್ಲ. ಮೂರು ರಾತ್ರಿ ಹಾಗಾದರೆ ನಾಲ್ಕನೇ ರಾತ್ರಿ ನಾವು ಮ್ಯೂಟ್ ಮಾಡ್ತೀವಿ, ಐದನೇ ರಾತ್ರಿ ಡೇಟಾಬೇಸ್ ನಿಜವಾಗಲೂ ಬೀಳುತ್ತೆ. 2013ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ನಸುಕಿನ ನಾಲ್ಕು ಗಂಟೆ ಸುಮಾರಿಗೆ ಆಂಬರ್ ಅಲರ್ಟ್ ಬಂದು ಊರೆಲ್ಲ ಎದ್ದು ಕೂತಿತು. ಜನ ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು, ಇದನ್ನು ಆಫ್ ಮಾಡೋದು ಹೇಗೆ ಅಂತ. ಆಗ ಮೆಸೇಜಿಗೆ 90 ಅಕ್ಷರದ ಮಿತಿ, ಫೋಟೋ ಇಲ್ಲ, ಹೆಚ್ಚೆಂದರೆ ಕಾರಿನ ನಂಬರು. ಈಗ 360 ಅಕ್ಷರ. ನೆವಾಡದ ಟಿಮೊಥಿ ಗ್ರಿಫಿನ್ ಅನ್ನೋ ಅಪರಾಧಶಾಸ್ತ್ರದ ಪ್ರೊಫೆಸರ್ ಹಳೇ ಅಲರ್ಟುಗಳನ್ನೆಲ್ಲ ಕೂತು ನೋಡಿ, ‘ಯಶಸ್ವಿ’ ಅಂತ ಎಣಿಸಿದ ಬಹಳಷ್ಟು ಪ್ರಕರಣಗಳಲ್ಲಿ ಮಗುವನ್ನು ಕರಕೊಂಡು ಹೋದವರು ಅಪ್ಪ, ಅಮ್ಮ ಅಥವಾ ಪರಿಚಯದವರೇ, ಮಗುವಿಗೆ ಜೀವಭಯ ಇದ್ದ ಹಾಗೆ ಕಾಣೋದಿಲ್ಲ ಅಂದರು. ನಿಜವಾಗಿ ಕೊಲ್ಲುವವರು ಮೊದಲ ಕೆಲವೇ ಗಂಟೆಗಳಲ್ಲಿ ಕೊಂದಿರ್ತಾರೆ, ಅಲರ್ಟ್ ಹೊರಡೋದೇ ಅದಾದ ಮೇಲೆ. ಈ ಮಾತಿಗೆ ಅಲ್ಲಿ ತುಂಬಾ ವಿರೋಧ ಇದೆ. ನನಗೆ ಮಾತ್ರ ಆ ವಾದ ತಳ್ಳಿಹಾಕೋಕೆ ಆಗಿಲ್ಲ. ನಮ್ಮಲ್ಲಂತೂ ಮಗುವನ್ನು ಒಯ್ಯೋರು ಹೆದ್ದಾರಿಯಲ್ಲಿ ಸ್ವಂತ ಕಾರಿನಲ್ಲೇ ಒಯ್ತಾರೆ ಅಂತಿಲ್ಲ. ಜನರಲ್ ಬೋಗಿಯಲ್ಲಿ ಒಯ್ತಾರೆ, ಅದಕ್ಕೆ ನಂಬರ್ ಪ್ಲೇಟ್ ಇಲ್ಲ.

ಈಗ ನಮ್ಮ ಲೆಕ್ಕ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022 ಒಂದೇ ವರ್ಷದಲ್ಲಿ ಕಾಣೆಯಾದರು ಅಂತ ದಾಖಲಾದ ಮಕ್ಕಳು 83,350. ಅದರಲ್ಲಿ ಹೆಣ್ಣುಮಕ್ಕಳು ಸುಮಾರು 63,000. ದಿನಕ್ಕೆ ಇನ್ನೂರಕ್ಕೂ ಹೆಚ್ಚು ಮಕ್ಕಳು. ಪ್ರತಿಯೊಂದಕ್ಕೂ ಫೋನ್ ಕಿರುಚಿಸಿದರೆ ಒಂದು ವಾರಕ್ಕೆ ದೇಶವೇ ಮ್ಯೂಟ್ ಆಗುತ್ತೆ. ಮನೆಯಲ್ಲಿ ಜಗಳ ಮಾಡಿ ಹೋದ ಹದಿನಾರರ ಹುಡುಗಿಯ ಫೋಟೋವನ್ನು ಊರಿಗೆಲ್ಲ ಹಂಚಿದರೆ, ಅವಳು ನಾಳೆ ವಾಪಸ್ ಬಂದ ಮೇಲೆ ಆ ಊರಿನಲ್ಲಿ ಹೇಗೆ ಬದುಕಬೇಕು? ರಕ್ಷಣೆ ಬೇಕಿರೋ ಮಕ್ಕಳ ಗುರುತು ಹೊರಹಾಕಬಾರದು ಅಂತ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಇದೆ. ನಮ್ಮ ಗ್ರೂಪುಗಳಿಗೆ ಆ ಕಲಂ ಯಾರೂ ಓದಿ ಹೇಳಿಲ್ಲ.

ಕಾನೂನು ಇಲ್ಲ ಅಂತಲ್ಲ. 2013ರ ಮೇ 10ರಂದು ಬಚ್‌ಪನ್ ಬಚಾವೋ ಆಂದೋಲನದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, ಮಗು ಕಾಣೆ ಅಂತ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು, ಅಪಹರಣ ಅಥವಾ ಸಾಗಣೆ ಅಂತಲೇ ಭಾವಿಸಿ ಹುಡುಕಾಟ ಶುರು ಮಾಡಬೇಕು, ನಾಲ್ಕು ತಿಂಗಳಲ್ಲಿ ಸಿಗದಿದ್ದರೆ ಮಾನವ ಸಾಗಣೆ ತಡೆ ಘಟಕಕ್ಕೆ ಕೊಡಬೇಕು. ‘24 ಗಂಟೆ ಕಾಯಿರಿ, ನೆಂಟರ ಮನೆಗೆ ಹೋಗಿರಬಹುದು’ ಅಂತ ಯಾರಾದರೂ ಅಂದರೆ ಈ ತೀರ್ಪನ್ನು ತೋರಿಸಿ. ನಿಠಾರಿಯ ಬಡವರಿಗೆ 2006ರಲ್ಲಿ ತೋರಿಸೋಕೆ ಇದು ಇರಲಿಲ್ಲ.

ಪೋರ್ಟಲುಗಳಿಗೂ ಬರವಿಲ್ಲ. ಟ್ರ್ಯಾಕ್‌ಚೈಲ್ಡ್ ಬಂತು, 2015ರ ಜೂನ್‌ನಲ್ಲಿ ಖೋಯಾ-ಪಾಯಾ ಬಂತು, ಈಗ ಮಿಷನ್ ವಾತ್ಸಲ್ಯ. ತೊಡಕು ಬೇರೆ ಕಡೆ ಇದೆ. ತೆಲಂಗಾಣ ಪೊಲೀಸರ ‘ದರ್ಪಣ್’ ಅನ್ನೋ ಮುಖ ಹೋಲಿಸುವ ತಂತ್ರಾಂಶ 2020ರಲ್ಲಿ ಒಬ್ಬ ಹುಡುಗನನ್ನು ಹುಡುಕಿಕೊಟ್ಟಿತು. ಉತ್ತರ ಪ್ರದೇಶದಲ್ಲಿ 2015ರಲ್ಲಿ ಕಾಣೆಯಾಗಿದ್ದವನು ಅಸ್ಸಾಮಿನ ಗೋಲ್ಪಾರದ ಮಕ್ಕಳ ಆಶ್ರಯದಲ್ಲಿದ್ದ. ಪೇಪರಿನವರು ತಂತ್ರಾಂಶವನ್ನು ಹೊಗಳಿದರು, ಹೊಗಳಬೇಕಾದ್ದೇ. ನಾನು ಇಂಜಿನಿಯರ್ ಆಗಿ ಇನ್ನೊಂದನ್ನು ನೋಡಿದೆ. ಆ ಹುಡುಗ ಪೊಲೀಸರಿಗೆ ಸಿಕ್ಕಿದ್ದು 2015ರಲ್ಲೇ. ಒಂದು ರಾಜ್ಯದ ‘ಕಾಣೆ’ ಪಟ್ಟಿಯಲ್ಲಿ ಅವನಿದ್ದ, ಇನ್ನೊಂದು ರಾಜ್ಯದ ‘ಸಿಕ್ಕಿದ’ ಪಟ್ಟಿಯಲ್ಲೂ ಇದ್ದ. ಎರಡು ಪಟ್ಟಿ ಪರಸ್ಪರ ಮಾತಾಡೋಕೆ ಐದು ವರ್ಷ ಹಿಡಿಯಿತು. ಅಂಥ ಮಗುವಿಗೆ ನನ್ನ ನಿಮ್ಮ ಫೋನ್ ಕಿರುಚಿ ಏನೂ ಉಪಯೋಗ ಆಗ್ತಿರಲಿಲ್ಲ.

ಈಗ 2018ಕ್ಕೆ ಬರ್ತೀನಿ. ಇದನ್ನು ಹೇಳೋದು ನಮ್ಮ ಜಿಲ್ಲೆಯವನಾಗಿ ನನಗೆ ಸುಲಭ ಅಲ್ಲ.

ಆ ವರ್ಷ ಒಂದು ವಿಡಿಯೋ ಎಲ್ಲರ ಫೋನಿನಲ್ಲೂ ಓಡಾಡ್ತಿತ್ತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡ್ತಿದ್ದ ಮಗುವನ್ನು ಎತ್ತಿಕೊಂಡು ಹೋಗ್ತಾರೆ. ಮೂಲದಲ್ಲಿ ಅದು ಕರಾಚಿಯ ಒಂದು ಸಂಸ್ಥೆ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಬೈಕಿನವರು ಮಗುವನ್ನು ವಾಪಸ್ ತಂದುಬಿಟ್ಟು, ಮಕ್ಕಳ ಮೇಲೆ ಗಮನ ಇಡಿ ಅನ್ನೋ ಫಲಕ ತೋರಿಸ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿ ಹಾಕಿದರು. ಕಾಣೆಯಾದ ಮಕ್ಕಳಿಗಾಗಿ ಕೆಲಸ ಮಾಡೋರ ವಿಡಿಯೋ ಅದು, ಗಮನಿಸಿ. ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ರಾಜಸ್ಥಾನದ ಒಬ್ಬ ಯುವಕನನ್ನು ಮಕ್ಕಳ ಕಳ್ಳ ಅಂತ ಹೊಡೆದು ಕೊಂದರು. ಜುಲೈ 1ಕ್ಕೆ ಮಹಾರಾಷ್ಟ್ರದ ಧುಳೆ ಜಿಲ್ಲೆಯಲ್ಲಿ ಐವರನ್ನು.

ಜುಲೈ 13ಕ್ಕೆ ಹೈದರಾಬಾದಿನ ಕೆಲವು ಸ್ನೇಹಿತರು ಕಾರಿನಲ್ಲಿ ಬೀದರಿನ ಕಡೆ ಹೋದರು. ಅವರಲ್ಲೊಬ್ಬ ಸಾಫ್ಟ್‌ವೇರ್ ಇಂಜಿನಿಯರ್, ನಮ್ಮ ಹಾಗೆ. ದಾರಿಯಲ್ಲಿ ಹಳ್ಳಿಯ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಜನ ಅನುಮಾನಪಟ್ಟರು, ಮಾತಿಗೆ ಮಾತು ಬೆಳೆದು ಅವರು ಕಾರು ಹತ್ತಿ ಹೊರಟರು. ಕಾರಿಗಿಂತ ಮುಂಚೆ ಮೆಸೇಜು ಮುರ್ಕಿ ಮುಟ್ಟಿತ್ತು. ಅಲ್ಲಿ ರಸ್ತೆಗೆ ಅಡ್ಡ ಹಾಕಿದ್ದರು. ಕಾರು ಉರುಳಿತು, ಜನ ಮುತ್ತಿದರು. ಬಿಡಿಸೋಕೆ ಬಂದ ಪೊಲೀಸರಿಗೂ ಏಟು ಬಿತ್ತು. ಆ ಇಂಜಿನಿಯರ್ ಬದುಕಲಿಲ್ಲ.

ಇದನ್ನು ಎಷ್ಟೋ ಸಲ ನಾನು ಬರೀ ಸಿಸ್ಟಮ್ ಆಗಿ ನೋಡಿದ್ದೀನಿ, ಕ್ಷಮಿಸಿ, ನಮ್ಮ ತಲೆ ಹಾಗೇ ಓಡುತ್ತೆ. ವಾಹನದ ವಿವರ, ಹೋದ ದಿಕ್ಕು, ಮುಂದಿನ ಊರಿಗೆ ನಿಮಿಷಗಳಲ್ಲಿ ತಲುಪುವಿಕೆ, ಜನರ ಪ್ರತಿಕ್ರಿಯೆ. ಆಂಬರ್ ಅಲರ್ಟ್ ಕನಸು ಕಾಣೋದು ಇದನ್ನೇ. ಅವತ್ತು ಎಲ್ಲವೂ ಕೆಲಸ ಮಾಡಿತು, ಮಗು ಮಾತ್ರ ಕಾಣೆಯಾಗಿರಲಿಲ್ಲ. ಯಾರು ಕಳಿಸಿದ್ದು, ಯಾರು ಪರೀಕ್ಷಿಸಿದ್ದು, ತಪ್ಪಾದರೆ ಯಾರು ನಿಲ್ಲಿಸಬೇಕು ಅನ್ನೋದಕ್ಕೆ ಜಾಗವೇ ಇರಲಿಲ್ಲ. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡನ್ನು ಐದು ಚಾಟಿಗೆ ಸೀಮಿತ ಮಾಡಿತು. ವೇಗ ಕಡಿಮೆಯಾಯ್ತು, ನಿಲ್ಲಿಸೋ ಗುಂಡಿ ಬರಲಿಲ್ಲ.

ಅದಾಗಿ ಒಂದು ತಿಂಗಳಿಗೆ ಅಕ್ಕ ಮಗನನ್ನು ಕರಕೊಂಡು ಬಸ್ಸಿನಲ್ಲಿ ಹೈದರಾಬಾದಿಗೆ ಹೊರಟಿದ್ದಳು. ಭಾವ ಬಂದಿರಲಿಲ್ಲ. ಜಹೀರಾಬಾದ್ ದಾಟಿದ ಮೇಲೆ ಹಿಂದಿನ ಸೀಟಿನ ಒಬ್ಬ ಹುಡುಗ ಅಳಿಯನನ್ನು ನೋಡೋದು, ಫೋನ್ ನೋಡೋದು ಮಾಡ್ತಿದ್ದನಂತೆ. ಆಮೇಲೆ ಎದ್ದು ಬಂದು ಫೋಟೋ ತೋರಿಸಿದ. ನೀಲಿ ಸ್ವೆಟರ್. ‘ಈಗಷ್ಟೇ ಕಾಣೆಯಾಗಿದ್ದಾನೆ, ಯಾರಾದರೂ ಕರಕೊಂಡು ಹೋಗಿರಬಹುದು, ಕಂಡರೆ ತಡೆಯಿರಿ.’ ಹತ್ತೊಂಬತ್ತು ತಿಂಗಳ ಹಳೇ ಮೆಸೇಜು, ನಾನು ದಿನಾಂಕ ಹಾಕಿರಲಿಲ್ಲ.

‘ನಮ್ಮ ಹುಡುಗನೇ ಅದಾನ್ರೀ, ಅವತ್ತೇ ಸಿಕ್ಕಾನ’ ಅಂತ ಅಕ್ಕ ಹೇಳಿದಳು. ಸುತ್ತ ಇದ್ದವರಿಗೆ ಕನ್ನಡ ಬರಲ್ಲ. ನಾಲ್ಕು ಜನ, ಆರು ಜನ ಸೇರಿದರು. ಹುಡುಗನಿಗೆ ತೆಲುಗಿನಲ್ಲಿ ನಿನ್ನ ಹೆಸರೇನು, ಇವಳು ಯಾರು ಅಂತ ಕೇಳಿದರು. ಅವನು ಹೆದರಿ ಬಾಯೇ ಬಿಡಲಿಲ್ಲ. ಅದು ಅನುಮಾನಕ್ಕೆ ಇನ್ನೊಂದು ಸಾಕ್ಷಿ ಆಯ್ತು. ಅಕ್ಕನ ಹತ್ತಿರ ಇದ್ದದ್ದು ಕೀಪ್ಯಾಡ್ ಫೋನು, ತೋರಿಸೋಕೆ ಒಂದು ಫೋಟೋ ಇರಲಿಲ್ಲ. ಯಾರೋ ಆಕೆಯ ತೋಳು ಹಿಡಿದರು. ಬಸ್ ನಿಲ್ಲಿಸಿ ಇಳಿಸಿ ಅಂತ ಕೂಗಿದರು.

ಮೆಸೇಜಿನಲ್ಲಿದ್ದ ನಂಬರಿಗೆ ಅವರು ಆರು ಸಲ ಫೋನ್ ಮಾಡಿದ್ದಾರೆ. ಅದು ನನ್ನ ನಂಬರು. ನಾನು ಮೀಟಿಂಗಿನಲ್ಲಿದ್ದೆ, ಸೈಲೆಂಟ್ ಮಾಡಿದ್ದೆ.

ಆಕೆಯನ್ನು ಉಳಿಸಿದ್ದು ಡ್ರೈವರ್. ವಯಸ್ಸಾದವರು. ಊರ ಹತ್ತಿರ ನಿಲ್ಲಿಸಿ ಅಂತ ಎಷ್ಟು ಕೂಗಿದರೂ ನಿಲ್ಲಿಸದೆ, ಬಾಗಿಲು ತೆಗೆಯದೆ, ನೇರ ಹೆದ್ದಾರಿ ಪಕ್ಕದ ಪೊಲೀಸ್ ಠಾಣೆಯ ಅಂಗಳದಲ್ಲಿ ಬಸ್ ನಿಲ್ಲಿಸಿದರು. ಅಷ್ಟರಲ್ಲಿ ನಾನು ವಾಪಸ್ ಫೋನ್ ಮಾಡಿದೆ. ಠಾಣೆಯವರು ಭಾವನ ಜೊತೆಯೂ ಮಾತಾಡಿ, ನಲವತ್ತು ನಿಮಿಷಕ್ಕೆ ಬಿಟ್ಟರು. ಫೋಟೋ ತೋರಿಸಿದ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ನಾನು ಬರೆದದ್ದನ್ನೇ ಮಾಡಿದ.

ಅವತ್ತು ರಾತ್ರಿ ಅಕ್ಕ ಕೇಳಿದಳು, ‘ನೀ ಇಷ್ಟು ಓದೀದಿ, ಅದೊಂದು ಅಳಸಾಕ ಆಗಂಗಿಲ್ಲೇನು?’

ನಮ್ಮ ಕೆಲಸದಲ್ಲಿ ಕ್ಯಾಶ್ ಇನ್‌ವ್ಯಾಲಿಡೇಶನ್ ಬಗ್ಗೆ ಜೋಕ್ ಮಾಡ್ತೀವಲ್ಲ. ಆಮೇಲೆ ನನಗೆ ಆ ಜೋಕಿಗೆ ನಗು ಬಂದಿಲ್ಲ.

ಸರಿ, ಏನು ಮಾಡಬೇಕು? ಇದಕ್ಕೆ ಬೇಕಾದ ಅಚ್ಚು ನಮ್ಮ ಸರ್ಕಾರದ ಹತ್ತಿರ ಈಗಾಗಲೇ ಇದೆ. ಮಳೆ, ಗುಡುಗು, ಪ್ರವಾಹಕ್ಕೆ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಕಳಿಸೋ ಎಚ್ಚರಿಕೆ ಕಾಮನ್ ಅಲರ್ಟಿಂಗ್ ಪ್ರೋಟೋಕಾಲ್ ಅನ್ನೋ ಮಾದರಿಯಲ್ಲಿದೆ. ಅದರಲ್ಲಿ ಕಳಿಸಿದವರು ಯಾರು, ಯಾವ ಪ್ರದೇಶಕ್ಕೆ, ಎಷ್ಟು ಹೊತ್ತಿನವರೆಗೆ ಅಂತ ಬರೆಯೋ ಜಾಗ ಇದೆ. ಇದು ಹೊಸದಾ, ತಿದ್ದುಪಡಿಯಾ, ರದ್ದಾ ಅಂತಲೂ ಇದೆ. ಗುಡುಗಿಗೆ ಎಕ್ಸ್‌ಪೈರಿ ಇದೆ ನಮ್ಮ ದೇಶದಲ್ಲಿ, ನನ್ನ ಅಳಿಯನ ಫೋಟೋಗೆ ಇಲ್ಲ. ನುಮಾಯಿಷಿನ ಮೈಕಿಗೆ ಇದೆಲ್ಲ ಗೊತ್ತಿತ್ತು. ನಮ್ಮ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ಮೈಕಿಗೂ ಗೊತ್ತು. ಕೂಗೋರು ಎಲ್ಲಿದ್ದಾರೆ ಅಂತ ಎಲ್ಲರಿಗೂ ತಿಳಿದಿರುತ್ತೆ, ಧ್ವನಿ ಜಾತ್ರೆ ದಾಟಿ ಹೋಗಲ್ಲ, ಮಗು ಸಿಕ್ಕರೆ ಅದೇ ಬಾಯಿ ಸಿಕ್ಕಿತು ಅನ್ನುತ್ತೆ.

ಹಾಗಾಗಿ ನನ್ನ ಬೇಡಿಕೆ ಚಿಕ್ಕದು. ಎಫ್‌ಐಆರ್ ಆದ ಕೂಡಲೇ ಒಂದು ಸರ್ಕಾರಿ ಕೊಂಡಿ ಹುಟ್ಟಲಿ. ಫೋಟೋ ಆ ಪುಟದಲ್ಲಿ ಇರಲಿ, ಮೆಸೇಜಿನಲ್ಲಿ ಬೇಡ. ಜನ ಕೊಂಡಿಯನ್ನು ಎಷ್ಟಾದರೂ ಹಂಚಲಿ. ಮಗು ಸಿಕ್ಕ ಕ್ಷಣ ಫೋಟೋ, ಹೆಸರು ಮಾಯವಾಗಿ ‘ಮಗು ಸಿಕ್ಕಿದೆ’ ಅನ್ನೋ ಒಂದು ಸಾಲು ಉಳಿಯಲಿ. ಮೂರು ವರ್ಷ ಬಿಟ್ಟು ಜಹೀರಾಬಾದಿನಲ್ಲಿ ಯಾರು ತೆಗೆದರೂ ಆ ಸಾಲೇ ಕಾಣಲಿ, ಅವರವರ ಭಾಷೆಯಲ್ಲಿ. ಕೆಳಗೆ ‘ಕಂಡರೆ ತಡೆಯಿರಿ’ ಅಂತ ಬೇಡ, ‘112ಕ್ಕೋ 1098ಕ್ಕೋ ಹೇಳಿ’ ಅಂತಿರಲಿ. ಫೋನ್ ಕಿರುಚಿಸೋ 4379ನ್ನು ತೀರಾ ಚಿಕ್ಕ ಮಗು, ಕಣ್ಣಾರೆ ಕಂಡ ಅಪಹರಣ ಅಂಥದ್ದಕ್ಕೆ ಮಾತ್ರ, ನಾಲ್ಕಾರು ಟವರಿನ ಮಟ್ಟಿಗೆ ಇಟ್ಟುಕೊಳ್ಳೋಣ. ಉಳಿದ ಸಾವಿರಾರು ಮಕ್ಕಳಿಗೆ ಬೇಕಿರೋದು ರೈಲ್ವೆ ಪೊಲೀಸರ, ಬಸ್ ನಿಲ್ದಾಣದ, ಮಕ್ಕಳ ಆಶ್ರಯದ ಪಟ್ಟಿಗಳು ಅವತ್ತೇ ರಾತ್ರಿ ಹೊಂದಾಣಿಕೆ ಆಗೋದು. ಸದ್ದಿಲ್ಲದ ಕೆಲಸ ಅದು. ಇಲ್ಲಿ ಕೂತಿರೋ ಎಷ್ಟೋ ಜನ ಬ್ಯಾಂಕುಗಳಿಗೆ ದಿನಾ ರಾತ್ರಿ ಅದನ್ನೇ ಮಾಡಿಕೊಡ್ತೀರಿ.

ಅದೆಲ್ಲ ಆಗೋವರೆಗೆ ನಾವು ಫಾರ್ವರ್ಡ್ ಮಾಡಬಾರದಾ ಅಂತ ಕೇಳ್ತೀರಿ. ನನಗೀಗ ಮಗಳಿದ್ದಾಳೆ. ನಾಳೆ ಅವಳು ಕಣ್ಣಿಗೆ ಕಾಣದಿದ್ದರೆ ನಾನು ಮತ್ತೆ ಫೋನ್ ತೆಗೆದೇ ತೆಗೀತೀನಿ, ಸುಳ್ಳು ಹೇಳಲ್ಲ. ಆದರೆ ಮೊದಲು ಮೈಕ್ ಎಲ್ಲಿದೆ ನೋಡ್ತೀನಿ, 112ಕ್ಕೆ ಹೇಳ್ತೀನಿ. ಫೋಟೋ ಕಳಿಸೋ ಬದಲು ನಾನು ತಿದ್ದಬಹುದಾದ ಒಂದು ಪುಟದ ಕೊಂಡಿ ಕಳಿಸ್ತೀನಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ಫೋಟೋದ ಮೇಲೇ ದಿನಾಂಕ, ಗಂಟೆ, ಜಾಗ ಬರೀತೀನಿ, ಬೇರೆ ಬರೆದರೆ ಫಾರ್ವರ್ಡಿನಲ್ಲಿ ಕಳಚಿಹೋಗುತ್ತೆ. ನಿಮಗೆ ಅಂಥದ್ದು ಬಂದರೆ ಕಳಿಸೋ ಮುಂಚೆ ಆ ನಂಬರಿಗೆ ಒಂದು ಸಲ ಫೋನ್ ಮಾಡಿ. ಒಂದು ನಿಮಿಷದ ಕೆಲಸ.

ನನ್ನ ಹಳೇ ನಂಬರ್ ಈಗಲೂ ಇದೆ. ಆಫೀಸಿಗೆ, ಬ್ಯಾಂಕಿಗೆ ಬೇರೆ ನಂಬರ್ ಕೊಟ್ಟಿದ್ದೀನಿ, ಇದನ್ನು ಒಂದು ಚಿಕ್ಕ ಫೋನಿನಲ್ಲಿ ಹಾಕಿ ರೀಚಾರ್ಜ್ ಮಾಡಿಸ್ತಾ ಇರ್ತೀನಿ. ಈಗಲೂ ಅದು ಜೇಬಿನಲ್ಲಿದೆ, ಸೈಲೆಂಟ್ ಮಾಡಿಲ್ಲ. ನಡುವೆ ಬಡಿದುಕೊಂಡಿದ್ದರೆ ಈ ಮಾತು ನಿಲ್ಲಿಸಿ ಎತ್ತುತ್ತಿದ್ದೆ. ಅಳಿಯ ಈಗ ಹೈಸ್ಕೂಲು, ಮೀಸೆ ಚಿಗುರ್ತಾ ಇದೆ, ಆ ಫೋಟೋಗೂ ಅವನಿಗೂ ಸಂಬಂಧವೇ ಇಲ್ಲ. ಆದರೂ ಹೋದ ದೀಪಾವಳಿಯಲ್ಲಿ ಸೊಲ್ಲಾಪುರದಿಂದ ಒಬ್ಬ ಹೆಂಗಸು ಫೋನ್ ಮಾಡಿದ್ದಳು. ಮರಾಠಿಯಲ್ಲಿ ಕೇಳಿದಳು, ನೀಲಿ ಸ್ವೆಟರಿನ ಹುಡುಗ ಸಿಕ್ಕಿದನಾ ಅಂತ. ಸಿಕ್ಕಿದ್ದಾನೆ ತಾಯಿ, ಅವತ್ತೇ ಸಿಕ್ಕಿದ ಅಂದೆ. ಫೋನ್ ಇಡೋ ಮುಂಚೆ, ಅದನ್ನು ಯಾರಿಂದ ಬಂತೋ ಅವರಿಗೂ ಒಂದು ಮಾತು ಹೇಳ್ತೀರಾ ಅಂತ ಕೇಳಿದೆ. ಹ್ಞೂಂ, ನನ್ನ ಭಾವನ ಗ್ರೂಪಿನಲ್ಲಿ ಬಂದಿತ್ತು, ಹೇಳ್ತೀನಿ ಅಂದಳು.